ತಮ್ಮ ಬಂದರೇನೇ ಕಿವಿ

ನಾರಾಯಣಖೇಡದ ಸುಂದರಬಾಯಿಗೆ ಎರಡು ವಯಸ್ಸು. ಬಲಗಡೆಯಿಂದ ನೋಡಿದರೆ ನಲವತ್ತಾರು. ಕಣ್ಣ ಕೆಳಗೆ ಚೀಲ, ತುಟಿಯ ಪಕ್ಕಕ್ಕೆ ಗೆರೆ, ಜೋಳದ ಹೊಲದ ಬಿಸಿಲು ಕುಡಿದು ಕುಡಿದು ಬತ್ತಿದ ಚರ್ಮ. ಎಡಗಡೆಯಿಂದ ನೋಡಿದರೆ ಇಪ್ಪತ್ತು ಎಂದರೂ ನಂಬಬಹುದು. ಆ ಕಡೆಯ ಕೆನ್ನೆ ಹಲಗೆಗೆ ಬಿಗಿದ ತೊಗಲಿನ ಹಾಗೆ ನುಣ್ಣಗೆ, ಒಂದು ಗೆರೆಯಿಲ್ಲ. ಆದರೆ ಆ ಇಪ್ಪತ್ತರ ಕೆನ್ನೆ ಕಿವಿಯ ಹಾಲೆಯನ್ನು ನುಂಗಿಕೊಂಡಿತ್ತು. ಹಾಲೆ ಕೆಳಕ್ಕೆ ಜಗ್ಗಿ, ಮುಂದಕ್ಕೆ ಬಾಗಿ, ದವಡೆಗೆ ಅಂಟಿಬಿಟ್ಟಿತ್ತು. ಓಲೆ ಇಡುವ ತೂತು ಉದ್ದನೆಯ ಸೀಳಾಗಿ, ಅದರಲ್ಲಿ ಒಂದು ಕಡ್ಡಿ ಕೂಡ ನಿಲ್ಲುತ್ತಿರಲಿಲ್ಲ. ಕತ್ತು ಹೊರಳಿಸಿದರೆ ಕಿವಿ ಎಳೆಯುತ್ತಿತ್ತು. ರೊಟ್ಟಿ ಅಗಿದರೆ ಎಳೆಯುತ್ತಿತ್ತು. ಆಕಳಿಸಿದರೂ ಎಳೆಯುತ್ತಿತ್ತು, ಮತ್ತು ಇತ್ತೀಚೆಗೆ ಅವಳಿಗೆ ಆಕಳಿಕೆ ಜಾಸ್ತಿ.

ಇದೆಲ್ಲ ಮೂರು ವರ್ಷದ ಹಿಂದಿನ ಒಂದು ಗಡ್ಡೆಯ ಪ್ರಸಾದ. ಕಿವಿಯ ಬುಡದಲ್ಲಿ ಮೊದಲು ಕಡಲೆಯಷ್ಟಿದ್ದದ್ದು ಲಿಂಬೆಯಷ್ಟಾಗಿ, ಕೀವು ಕಟ್ಟಿ, ಜ್ವರ ಬಂದು, ಅವಳು ಎದುರಿದ್ದವರ ಗುರುತೂ ಸಿಗದ ಹಾಗೆ ಬಡಬಡಿಸತೊಡಗಿದಾಗ ಬಂಡಿ ಕಟ್ಟಿಕೊಂಡು ಓಡಿ ಬಂದವನು ತಮ್ಮ ಶಂಕ್ರೆಪ್ಪ. ಅವನ ಮನೆ ಜಹೀರಾಬಾದಿನ ಹೊರಗೆ. ಅಲ್ಲಿ ಒಬ್ಬ ಜರ್ರಾ ಸಾಹೇಬ ಇದ್ದ. ಜರ್ರಾ ಎಂದರೆ ಕುರು ಕೊಯ್ಯುವವನು, ಎಲುಬು ಕೂಡಿಸುವವನು, ಗಾಯ ಹೊಲಿಯುವವನು. ಅಪ್ಪನಿಂದ ಕಲಿತ ವಿದ್ಯೆ. ಅವನು ಕೊಯ್ದ. ಜೀವ ಉಳಿಯಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಗಡ್ಡೆಯ ಸಂಗಡ ಅಂಗೈಯ ಗುಳಿಯಷ್ಟು ಚರ್ಮವೂ ಕೊಳೆತು ಹೋಗಿತ್ತು. ಬಾಯಿಬಿಟ್ಟ ಗಾಯ ಮುಚ್ಚಲು ಅವನು ಕೆನ್ನೆಯ ಚರ್ಮವನ್ನೇ ಹಿಂದಕ್ಕೆ ಜಗ್ಗಿ ಕಿವಿಯ ಹಾಲೆಗೆ ಹೊಲಿದುಬಿಟ್ಟ. ಗಾಯ ತಿಂಗಳಲ್ಲಿ ಮಾಯ್ದಿತು. ಮಾಯ್ದ ಮೇಲೆ ಹಾಲೆ ದಿನದಿನಕ್ಕೆ ಕೆಳಗಿಳಿಯತೊಡಗಿತು.

ಅಂದಿನಿಂದ ಅಕ್ಕ ತಮ್ಮನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಮುತ್ತೈದೆಯ ಕಿವಿ ಬೋಳಿರಬಾರದೆಂದು ಆ ಕಡೆಯ ಮಾತು. ಎರಡೂ ಬೋಳಾದರೆ ಗಂಡ ಹೋದ ಎಂದು ಅರ್ಥ. ಒಂದೇ ಬೋಳಾದರೆ ಹೊರಟು ನಿಂತಿದ್ದಾನೆ ಎಂದು ಅರ್ಥ. ಗಂಡ ಮನ್ಮಥಪ್ಪ ಮಾತ್ರ ಹೊತ್ತಿಗೆ ನಾಲ್ಕು ರೊಟ್ಟಿ ತಿಂದು, ಎಲ್ಲಿಗೂ ಹೊರಡುವ ಲಕ್ಷಣವಿಲ್ಲದೆ ಗಟ್ಟಿಯಾಗಿಯೇ ಇದ್ದ. ಆದರೂ ಓಣಿಯಲ್ಲಿ ಆರತಿಗೆ ಕರೆಯುವವರು ಸುಂದರಬಾಯಿಯ ಮನೆಯೊಂದನ್ನು ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ಅವಳು ಅದಕ್ಕೂ ಹೊಂದಿಕೊಂಡಳು. ಸೆರಗು ಎಡಗಡೆಗೆ ತುಸು ಹೆಚ್ಚು ಎಳೆದುಕೊಂಡರಾಯಿತು.

ಹೊಂದಿಕೊಳ್ಳಲಾಗದ್ದು ಮಾಘ ಮಾಸದಲ್ಲಿ ಬಂತು. ಮಗಳು ಬಾಲಮಣಿಯನ್ನು ಮನೂರಿಗೆ ಕೊಟ್ಟಿತ್ತು. ಎರಡು ಸಲ ಬಸಿರು ನಿಲ್ಲದೆ ಹೋದ ಹುಡುಗಿಗೆ ಈ ಸಲ ಐದು ತಿಂಗಳು ತುಂಬಿತ್ತು. ಏಳರಲ್ಲಿ ಕುಬಸ, ಬಸುರಿಯ ಉಡಿ ತುಂಬುವ ಶಾಸ್ತ್ರ. ತಾಯಿ ರವಿಕೆಯ ಖಣ ತರಬೇಕು, ತಾಯಿ ಮೊದಲು ಉಡಿ ತುಂಬಬೇಕು. ಬೀಗತಿ ಮಾಣಿಕಮ್ಮ ತಾನೇ ನಾರಾಯಣಖೇಡಕ್ಕೆ ಬಂದು, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಮಾತು ಸುತ್ತಿ ಸುತ್ತಿ ಅಲ್ಲಿಗೇ ತಂದಳು.

"ನಾ ಏನೂ ಅನ್ನಂಗಿಲ್ಲ ಬೀಗತಿ. ನನಗೇನದ? ಮಂದಿ ಅಂತಾರ."

"ಏನಂತಾರ್ರಿ?"

"ಎರಡು ಸಲ ಹಿಂಗಾಗ್ಯಾದ. ಮೂರನೇದಕ್ಕಾದ್ರೂ ಎಲ್ಲಾ ನೆಟ್ಟಗ ಆಗ್ಲಿ ಅಂತ. ಬೋಳು ಕಿವೀಲೆ ಉಡಿ ತುಂಬಿದ್ರ... ನನಗ ಅಂಜಿಕಿ ಬರ್ತದವಾ. ನಿಮ್ಮ ಕಿವಿ ನೆಟ್ಟಗಿದ್ರ ನಾ ಯಾಕ ಬಾಯಿ ತೆಗೀತಿದ್ದೆ?"

ಮಾಣಿಕಮ್ಮನ ಕಣ್ಣಲ್ಲಿ ಕೆಟ್ಟತನವಿರಲಿಲ್ಲ. ನಿಜವಾದ ಅಂಜಿಕೆಯೇ ಇತ್ತು. ಅದಕ್ಕೇ ಸುಂದರಬಾಯಿಗೆ ಜಗಳ ತೆಗೆಯಲು ಆಗಲಿಲ್ಲ. ಕೆಟ್ಟವರ ಸಂಗಡ ಜಗಳಾಡಬಹುದು, ಅಂಜಿದವರ ಸಂಗಡ ಏನು ಆಡುವುದು?

ತಾಂಡೂರಿನ ದವಾಖಾನೆಗೆ ಹೊಸ ಡಾಕ್ಟರು ಬಂದಿದ್ದಾರೆ, ಹರಿದ ಕಿವಿ ಹೊಲಿಯುತ್ತಾರೆ ಎಂದು ಸಂತೆಯಲ್ಲಿ ಸುದ್ದಿ ಇತ್ತು. ಭಾರದ ಝುಮಕಿ ಹಾಕಿ ಹಾಕಿ ಹಾಲೆ ಹರಿದುಕೊಂಡ ಹೆಂಗಸರಿಗೇನು ಆ ಸೀಮೆಯಲ್ಲಿ ಬರವೇ? ಅವರೆಲ್ಲ ಅಲ್ಲಿಗೆ ಹೋಗುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಜಹೀರಾಬಾದಿಗೆ ಬಂಡಿಯಲ್ಲಿ ಬಂದು, ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು ಇನ್ನೊಂದು ರೈಲಿಗೆ ಅರ್ಧ ದಿನ ಕಾದು, ತಾಂಡೂರು ಮುಟ್ಟುವ ಹೊತ್ತಿಗೆ ಸುಂದರಬಾಯಿಯ ಸೊಂಟ ಬಿದ್ದುಹೋಗಿತ್ತು. ಯುದ್ಧದ ಕಾಲ, ಡಬ್ಬಿಯ ತುಂಬ ಸಿಪಾಯಿಗಳು. ಕೂಡಲು ಜಾಗ ಸಿಕ್ಕದ್ದು ಬೇರೆಯವರ ಟ್ರಂಕಿನ ಮೇಲೆ.

ದವಾಖಾನೆಯ ಹೆಂಗಸರ ಕೋಣೆಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಮನ್ಮಥಪ್ಪ ಹೊರಗೆ ಬೇವಿನ ಕೆಳಗೆ ತಂಬಾಕು ತಿಕ್ಕುತ್ತ ಕೂತ. ಡಾಕ್ಟರು ಗೋದಾವರಿಯ ಕಡೆಯವರು, ಬಿಳಿ ಕೂದಲಿನ ಸಣ್ಣ ಆಳು. ಗಂಡಸರೊಡನೆ ಉರ್ದು, ಹೆಂಗಸರೊಡನೆ ತೆಲುಗು. ಕನ್ನಡ ಬಲ್ಲ ಕಂಪೌಂಡರ ಆತ್ಮಾರಾಮ ಅಂದು ರಜೆಯ ಮೇಲೆ ಹೋಗಿದ್ದ. ಸುಂದರಬಾಯಿಗೆ ಸಂತೆಯ ತೆಲುಗು ಬರುತ್ತಿತ್ತು: ಇಷ್ಟು ಕೊಡು, ಅಷ್ಟಕ್ಕೆ ಬಾ, ನಾಳೆ ಹೋಗು. ಅಷ್ಟು ಸಾಕು ಎಂದುಕೊಂಡಳು.

ಡಾಕ್ಟರು ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತ ಇತ್ತ ಮಾಡಿ, ಯಾರು ಕೊಯ್ದದ್ದು ಎಂದು ತೆಲುಗಿನಲ್ಲಿ ಕೇಳಿದರು.

"ತಮ್ಮ ಕರ್ಕೊಂಡು ಹೋಗಿದ್ನ್ರಿ, ಜರ್ರಾ ಸಾಬನ ಬಲ್ಲಿ," ಎಂದಳು ಕನ್ನಡದಲ್ಲೇ.

ಅವರು ತಲೆ ಅಲ್ಲಾಡಿಸಿದರು. ಕಿವಿಯ ಕೆಳಭಾಗ ಒತ್ತಿ, ದವಡೆಗೆ ಅಂಟಿದ ಕಡೆ ಉಗುರಿನಿಂದ ಒಂದು ಗೆರೆ ಎಳೆದು, ನಿಧಾನವಾಗಿ ಬಿಡಿಸಿ ಹೇಳಿದರು: "ತಮ್ಮೆ ವಸ್ತೇನೆ ಚೆವಿ ಸರಿಗ ಐತದಿ. ತಮ್ಮೆ ರಾವಾಲೆ."

ಚೆವಿ ಎಂದರೆ ಕಿವಿ, ವಸ್ತೇನೆ ಎಂದರೆ ಬಂದರೇನೇ. ಅಷ್ಟೂ ಅವಳಿಗೆ ಗೊತ್ತು. ತಮ್ಮೆ ಎಂದದ್ದು ತನಗಾಗಿ ಪಾಪ ಕನ್ನಡದಲ್ಲಿ ಹೇಳಲು ನೋಡಿದರು ಎಂದುಕೊಂಡಳು. ತಮ್ಮ ಬಂದರೇನೇ ಕಿವಿ ಸರಿಹೋಗುತ್ತದೆ. ತಮ್ಮ ಬರಬೇಕು. ಇದರಲ್ಲಿ ತಿಳಿಯದೆ ಇರುವುದೇನಿದೆ? ಕೊಯ್ಯಿಸಿದವನು ಅವನು, ಏನು ಕೊಯ್ದರು, ಯಾವುದಕ್ಕೆ ಹೊಲಿದರು ಎಂದು ಕಣ್ಣಾರೆ ಕಂಡವನೂ ಅವನೇ. ಅಲ್ಲದೆ ಕಿವಿಯ ಕೆಲಸವೆಂದರೆ ತವರಿನವರದ್ದೇ. ಹೆಣ್ಣು ಕೂಸಿಗೆ ಕಿವಿ ಚುಚ್ಚುವಾಗ ಸೋದರಮಾವನ ತೊಡೆ ಇಲ್ಲದಿದ್ದರೆ ಅಕ್ಕಸಾಲಿಗ ಸೂಜಿಯನ್ನೇ ಎತ್ತುವುದಿಲ್ಲ. ಇಷ್ಟು ದೂರದ ಡಾಕ್ಟರಿಗೂ ನಮ್ಮ ಪದ್ಧತಿ ಗೊತ್ತಲ್ಲ ಎಂದು ಅವಳಿಗೆ ಅವರ ಮೇಲೆ ಗೌರವವೇ ಬಂತು.

"ಸರೇ," ಎಂದಳು ತೆಲುಗಿನಲ್ಲಿ. ಹದಿನೈದು ದಿನ ಬಿಟ್ಟು ಬಾ ಎಂದರು. ಅದೂ ತಿಳಿಯಿತು.

ಹೊರಗೆ ಬಂದು ಗಂಡನಿಗೆ ಹೇಳಿದಾಗ ಮನ್ಮಥಪ್ಪ ತಂಬಾಕು ಬಾಯಿಗಿಟ್ಟುಕೊಂಡ. "ಹಂಗಾರ ಕರಿ," ಎಂದ.

"ನಾ ಹ್ಯಾಂಗ ಕರೀಲಿ? ಮೂರು ವರ್ಷ ಆತು, ಮಾರಿ ನೋಡಿಲ್ಲ."

"ಮಾರಿ ಬ್ಯಾಡಾಗಿದ್ರ ಕಿವೀನೂ ಬ್ಯಾಡ. ಮುಗೀತು."

ಮನ್ಮಥಪ್ಪನ ಮಾತು ಯಾವಾಗಲೂ ಹೀಗೆ. ತೂಕಕ್ಕೆ ಇಟ್ಟರೆ ಸರಿ ಇರುತ್ತಿತ್ತು, ಹೊರಲು ಮಾತ್ರ ಆಗುತ್ತಿರಲಿಲ್ಲ.

ಹಿಂದಿರುಗುವಾಗ ಜಹೀರಾಬಾದಿನಲ್ಲಿ ಇಳಿದು, ಗಂಡನನ್ನು ಸ್ಟೇಶನ್ನಿನ ಹತ್ತಿರವೇ ಕೂಡಿಸಿ, ಅವಳೊಬ್ಬಳೇ ತಮ್ಮನ ಮನೆಗೆ ನಡೆದಳು. ಬೇಡವೆಂದು ಕಾಲು ಹೇಳುತ್ತಿತ್ತು. ಕಾಲಿನ ಮಾತು ಕೇಳುತ್ತ ಹೋದರೆ ಈ ಕುಬಸಕ್ಕೆ ತನ್ನ ಮಗಳ ಉಡಿ ಇನ್ಯಾರೋ ತುಂಬುತ್ತಾರೆ. ಬಾಗಿಲಲ್ಲಿ ತಮ್ಮನ ಹೆಂಡತಿ ಬಂಡಮ್ಮ ಮೊರ ಹಿಡಿದು ನಿಂತಿದ್ದವಳು ಮೊರವನ್ನು ಕೆಳಗಿಡಲಿಲ್ಲ.

"ಏನಕ್ಕಾ, ಸೂರ್ಯ ಇವತ್ತ ಯಾವ ಕಡಿ ಹುಟ್ಯಾನ?"

"ಎಲ್ಲಿ ಹುಟ್ಟಿದ್ರೂ ಸುಡೋದು ನನ್ನ ತಲೀನೇ. ಅವ ಎಲ್ಲಿ ಅದಾನ?"

"ಹಿತ್ತಲದಾಗ. ದನಕ್ಕ ಕಣಕಿ ಕಡೀಲತ್ಯಾನ. ನೀರು ಕೊಡ್ಲಿ ಏನು, ಇಲ್ಲಾ ನಮ್ಮ ಮನಿ ನೀರೂ ಎಳೀತದೇನು ಕಿವಿ?"

"ಕೊಡವಾ. ಎಳದ್ರ ಎಳೀಲಿ."

ಶಂಕ್ರೆಪ್ಪ ಕುಡುಗೋಲು ಕೈಯಲ್ಲೇ ಹಿಡಿದು ಬಂದ. ಅಕ್ಕನನ್ನು ನೋಡಿ ಕುಡುಗೋಲನ್ನು ಎಲ್ಲಿಡಬೇಕೆಂದು ತಿಳಿಯದೆ ಬಂಡಮ್ಮನ ಕೈಗೆ ಕೊಟ್ಟ. ಅವನ ಕೂದಲು ನರೆತಿತ್ತು. ತಮ್ಮನ ಕೂದಲು ನರೆತದ್ದು ಸುಂದರಬಾಯಿಗೆ ಹೊಸ ಸುದ್ದಿ.

"ನಾ ಕರೀಲಾಕ ಬಂದಿಲ್ಲ," ಎಂದಳು ನಿಂತೇ. "ತಾಂಡೂರ ಡಾಕ್ಟರ್ ಕರ್ದಾನ. ನೀ ಬಂದ್ರೇ ಕಿವಿ ಸರಿ ಮಾಡ್ತಾನಂತ. ಬರ್ತಿದ್ರ ಬಾ. ಹದಿನೈದು ದಿನಕ್ಕ."

"ನನ್ನ? ಡಾಕ್ಟರ್ ನನ್ನ ಹೆಸರು ತಗೊಂಡಾನ?"

"ಹೆಸರಲ್ಲ. ತಮ್ಮ ಅಂದಾನ."

ಶಂಕ್ರೆಪ್ಪ ಮುಖ ತೊಳೆಯಲೆಂದು ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹದಿನೈದನೆಯ ದಿನ ಜಹೀರಾಬಾದ್ ಸ್ಟೇಶನ್ನಿನಲ್ಲಿ ಅವನು ಬೆಳ್ಳಗೆ ಒಗೆದ ರುಮಾಲು ಸುತ್ತಿ, ಮದುವೆಗೆ ಹೊರಟವನ ಹಾಗೆ ನಿಂತಿದ್ದ. ಜೋಳದ ರಾಶಿ ನಡೆದಿದ್ದರಿಂದ ಮನ್ಮಥಪ್ಪ ಬಂದಿರಲಿಲ್ಲ, ಹೆಂಡತಿಯನ್ನು ಬಂಡಿಯಲ್ಲಿ ಕಳಿಸಿದ್ದ. ಅಕ್ಕ ತಮ್ಮ ಎದುರುಬದುರು ಕೂತರು. ವಿಕಾರಾಬಾದಿನಲ್ಲಿ ಇನ್ನೊಂದು ರೈಲಿಗೆ ಕಾಯುವಾಗ ಶಂಕ್ರೆಪ್ಪ ಮಡಿಲಿನಿಂದ ಒಂದು ಪುಡಿಕೆ ತೆಗೆದ.

"ಇದೇನದು?"

"ಜರ್ರಾ ಸಾಬನ ಬಲ್ಲಿ ಹೋಗಿದ್ದೆ. ಅದೇ ರೇಷ್ಮಿ ದಾರ. ಅದೇ ಮಲಾಮು. ಎಷ್ಟು ಹೊಲಿಗಿ ಹಾಕಿದ್ದ ಅಂತನೂ ಕೇಳ್ಕೊಂಡು ಬಂದೀನಿ, ಹನ್ನೊಂದು. ಡಾಕ್ಟರ್ ಕೇಳಿದ್ರ ಹೇಳಬೇಕಲ್ಲ? ಉರ್ದುದಾಗ ಹ್ಯಾಂಗ ಹೇಳಬೇಕು ಅಂತ ಸಾಬನೇ ಕಲಿಸ್ಯಾನ." ಅವನು ಗಂಟಲು ಸರಿಮಾಡಿಕೊಂಡು, ಶಾಲೆಯ ಮಕ್ಕಳ ಹಾಗೆ ಉರ್ದುವಿನಲ್ಲಿ ಎರಡು ವಾಕ್ಯ ಒಪ್ಪಿಸಿದ. ಪಕ್ಕದಲ್ಲಿ ಕೂತಿದ್ದ ಸಿಪಾಯಿಯೊಬ್ಬ ಶಹಬ್ಬಾಸ್ ಎಂದ.

ಸುಂದರಬಾಯಿ ಹಳಿಯ ಕಡೆ ತಿರುಗಿದಳು. ಕಿವಿ ಎಳೆಯಿತು.

ತಾಂಡೂರಿನ ದವಾಖಾನೆಯಲ್ಲಿ ಅಂದು ಆತ್ಮಾರಾಮ ಇದ್ದ. ಹೆಂಗಸರ ಕೋಣೆಯಲ್ಲಿ ಏಳೆಂಟು ಮಂದಿ ನಾಪಾ ಹಾಸುಗಲ್ಲಿನ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಎಲ್ಲರದ್ದೂ ಕಿವಿಯ ಕಥೆಯೇ. ಸುಂದರಬಾಯಿಯ ಪಾಳಿ ಬಂದಾಗ ಶಂಕ್ರೆಪ್ಪನೂ ಪುಡಿಕೆ ಹಿಡಿದು, ರುಮಾಲು ಸರಿಮಾಡಿಕೊಂಡು, ಹಿಂದೆಯೇ ಒಳಗೆ ಬಂದುಬಿಟ್ಟ. ಹೆಂಗಸರು ಸೆರಗು ಎಳೆದುಕೊಂಡರು. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, ಈ ಮನುಷ್ಯ ಯಾರು, ಇಲ್ಲಿ ಯಾಕೆ ಬಂದ ಎಂದು ತೆಲುಗಿನಲ್ಲಿ ಗದರಿದರು.

"ನಾ ತಮ್ಮ ರೀ," ಎಂದ ಶಂಕ್ರೆಪ್ಪ ಎದೆಯುಬ್ಬಿಸಿ. "ನೀವು ಬಾ ಅಂದಿದ್ರಲ್ಲ. ತಮ್ಮ ಬರಬೇಕು ಅಂತ. ಬಂದೀನಿ."

ಡಾಕ್ಟರು ಆತ್ಮಾರಾಮನ ಕಡೆ ನೋಡಿದರು. ಆತ್ಮಾರಾಮ ಕೇಳಿದ, ಸುಂದರಬಾಯಿ ಹೇಳಿದಳು. ಡಾಕ್ಟರು ಅಂದ ಮಾತನ್ನು ಅಂದ ಹಾಗೆಯೇ ಒಪ್ಪಿಸಿದಳು. ಆತ್ಮಾರಾಮ ಔಷಧಿಯ ಮೇಜು ಹಿಡಿದುಕೊಂಡು ನಗತೊಡಗಿದ.

"ಅಯ್ಯೋ ಅಕ್ಕೋರೆ! ತಮ್ಮೆ ಅಂದ್ರ ತೆಲುಗಿನ್ಯಾಗ ಕಿವಿ ಹಾಲಿ ರೀ, ಹಾಲಿ! ಈ ತೂಗಾಡ್ತದಲ್ಲಾ, ಇದು! ಕೆನ್ನಿಗಿ ಅಂಟಿದ್ದು ಬಿಚ್ಚಿಕೊಂಡು ಹೊರಗ ಬಂದ್ರೇ ಕಿವಿ ಸರಿ ಆಗ್ತದ ಅಂದಾರ ಸಾಹೇಬ್ರು. ತಮ್ಮನ್ನ ಯಾರು ಕರದಾರ?"

ಕೋಣೆಯೇ ನಕ್ಕಿತು. ಹರಿದ ಕಿವಿಯ ಹೆಂಗಸರು ಕಿವಿ ಹಿಡಿದುಕೊಂಡು ನಕ್ಕರು. ಯಾವಳೋ ಒಬ್ಬಳು "ನನಗಂತೂ ಅಣ್ಣ ತಮ್ಮರೇ ಇಲ್ಲವಾ, ನನ್ನ ಕಿವಿ ಹ್ಯಾಂಗ?" ಎಂದಳು. ಡಾಕ್ಟರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸುಂದರಬಾಯಿ ನಗಲಿಲ್ಲ. ಅವಳು ತಮ್ಮನ ಮುಖ ನೋಡುತ್ತಿದ್ದಳು. ಶಂಕ್ರೆಪ್ಪ ಪುಡಿಕೆಯನ್ನು ಮೆಲ್ಲಗೆ ಮಡಿಲಿಗೆ ಸೇರಿಸಿದ.

"ನೀನೂ ಕರೀಲಿಲ್ಲ," ಎಂದ ತಗ್ಗಿದ ದನಿಯಲ್ಲಿ. "ಡಾಕ್ಟರಾದ್ರೂ ಕರದಾನ ಅಂದ್ಕೊಂಡಿದ್ದೆ. ಅವನೂ ಕರದಿಲ್ಲ." ಹೊರಗೆ ನಡೆದ.

ಸುಂದರಬಾಯಿಗೆ ಅವನನ್ನು ಕರೆಯಬೇಕೆನಿಸಿತು. ಅಷ್ಟರಲ್ಲಿ ಆತ್ಮಾರಾಮ ಅವಳನ್ನು ಹಲಗೆಯ ಮೇಲೆ ಮಲಗಿಸಿ, ಮುಖಕ್ಕೆ ಬಟ್ಟೆ ಹೊದಿಸಿ, ಕಿವಿಯೊಂದನ್ನೇ ಹೊರಗಿಟ್ಟಿದ್ದ. ಸೂಜಿ ಮೂರು ಕಡೆ ಚುಚ್ಚಿತು. ಆಮೇಲೆ ಕಿವಿ ಮರದ್ದಾಯಿತು. ಕೊಯ್ಯುವ ಸಪ್ಪಳ ಮಾತ್ರ ಕೇಳುತ್ತಿತ್ತು, ಯಾರೋ ದೂರದಲ್ಲಿ ಗೋಣಿಚೀಲ ಹರಿಯುತ್ತಿದ್ದ ಹಾಗೆ. ಡಾಕ್ಟರು ಕೈ ನಿಲ್ಲಿಸದೆ ಏನೋ ಹೇಳುತ್ತಲೇ ಇದ್ದರು, ಆತ್ಮಾರಾಮ ಅದನ್ನು ಕನ್ನಡಕ್ಕೆ ಇಳಿಸುತ್ತಿದ್ದ.

"ಜರ್ರಾ ಕೆಟ್ಟದ್ದು ಮಾಡಿಲ್ಲಂತ್ರಿ. ಜೀವ ಉಳಿಸ್ಯಾನ. ಆದ್ರ ಕೆನ್ನಿ ಭಾರ ಎಲ್ಲಾ ಕಿವಿ ಮ್ಯಾಲ ಹಾಕ್ಯಾನ. ಕಿವಿ ಎಷ್ಟು ಭಾರ ಹೊರ್ತದ? ಜಗ್ಗಿ ಬಂದದ. ಈಗ ಸಾಹೇಬ್ರು ಕೆನ್ನಿ ಚರ್ಮ ಬಿಚ್ಚಿ ಕಿವಿ ಹಿಂದಿನ ಗಟ್ಟಿ ಜಾಗಕ್ಕ ಹೊಲೀಲತ್ಯಾರ. ಭಾರ ಅದು ಹೊರಲಿ. ಕಿವಿ ಹಗೂರಾಗಿ ಇರ್ಲಿ ಅಂತ."

ಬಟ್ಟೆಯ ಕೆಳಗೆ ಸುಂದರಬಾಯಿಗೆ ನಿದ್ದೆ ಬಂದಂತಾಗುತ್ತಿತ್ತು. ಮೂರು ವರ್ಷದಲ್ಲಿ ಹಗಲಿನಲ್ಲಿ ಇಷ್ಟು ಹೊತ್ತು ಮಲಗಿದ್ದು ಇದೇ ಮೊದಲೇನೋ.

ತಲೆಗೆ ಪಟ್ಟಿ ಸುತ್ತಿಸಿಕೊಂಡು ಹೊರಗೆ ಬಂದಾಗ ಹೊತ್ತು ಇಳಿದಿತ್ತು. ಬೇವಿನ ಕೆಳಗೆ ಶಂಕ್ರೆಪ್ಪ ಇರಲಿಲ್ಲ. ಅವಳ ಬಟ್ಟೆಯ ಗಂಟೂ ಇರಲಿಲ್ಲ. ಮಧ್ಯಾಹ್ನದ ರೈಲಿಗೆ ಹೋಗಿರಬೇಕು. ಹೋಗಲಿ, ನಾನಾಗಿದ್ದರೂ ಹೋಗುತ್ತಿದ್ದೆ. ಆದರೆ ಗಂಟು ಯಾಕೆ ಒಯ್ದ? ಅದರಲ್ಲೇ ರೊಟ್ಟಿ ಇತ್ತು. ಅವಳು ಕಟ್ಟೆಯ ಮೇಲೆ ಕೂತಳು. ಅಳುವಷ್ಟು ತ್ರಾಣವಿರಲಿಲ್ಲ. ಎಂಟು ದಿನ ತಾಂಡೂರಿನಲ್ಲೇ ಇದ್ದು ಹೊಲಿಗೆ ಬಿಚ್ಚಿಸಿಕೊಂಡು ಹೋಗು ಎಂದಿದ್ದರು ಡಾಕ್ಟರು. ಎಲ್ಲಿರಬೇಕು?

ಸ್ವಲ್ಪ ಹೊತ್ತಿಗೆ ಬೀದಿಯ ತಿರುವಿನಲ್ಲಿ ಬಿಳಿ ರುಮಾಲು ಕಂಡಿತು. ಒಂದು ಕೈಯಲ್ಲಿ ಮಜ್ಜಿಗೆಯ ತಂಬಿಗೆ.

"ಮಠದಾಗ ಒಂದು ಖೋಲಿ ಕೇಳೀನಿ. ಐನೋರು ಒಪ್ಯಾರ. ಗಂಟು ಅಲ್ಲೇ ಇಟ್ಟು ಬಂದೆ," ಎಂದ. "ಕುಡಿ. ನೋಯ್ತದೇನು?"

"ಈಗಿಲ್ಲ. ಮರಗಟ್ಯಾದ."

"ಅದು ಇಳದ ಮ್ಯಾಲ ನೋಯ್ತದ."

"ನೋಯ್ಲಿ. ನೀ ಹೋದಿ ಅಂದ್ಕೊಂಡಿದ್ದೆ."

"ಹೋಗ್ತಿದ್ದೆ. ಸ್ಟೇಶನ್ ತನಕ ಹೋಗಿದ್ದೆ ಕೂಡ. ರೈಲು ಹೋಗಿಬಿಟ್ಟಿತ್ತು." ಆಮೇಲೆ, ಸುಳ್ಳು ಹೇಳಿದವನ ಹಾಗೆ ನೆಲ ನೋಡಿ, "ನಿಂತಿತ್ತು. ಹತ್ತಲಿಲ್ಲ," ಎಂದ.

ಎಂಟು ದಿನ ಮಠದ ಖೋಲಿಯಲ್ಲಿ ಕಳೆದವು. ದಿನ ಬಿಟ್ಟು ದಿನ ಪಟ್ಟಿ ಬದಲಿಸಲು ಹೋಗಬೇಕು. ಅಗಿಯಬಾರದೆಂದು ಡಾಕ್ಟರ ಕಟ್ಟಪ್ಪಣೆ; ಶಂಕ್ರೆಪ್ಪ ಗಂಜಿ ಕಾಯಿಸುತ್ತಿದ್ದ. ಉಪ್ಪು ಒಂದು ದಿನ ಮರೆಯುತ್ತಿದ್ದ, ಮರುದಿನ ಎರಡು ದಿನದ್ದೂ ಸೇರಿಸಿ ಹಾಕುತ್ತಿದ್ದ. ಐದನೆಯ ದಿನ ಅವಳು ಗಂಜಿಯ ಬಟ್ಟಲು ಕೆಳಗಿಟ್ಟು ಹೇಳಿದಳು:

"ಶಂಕ್ರ್ಯಾ, ನಾ ಕಿವೀ ಸಲುವಾಗಿ ಮುನಿಸ್ಕೊಂಡಿರಲಿಲ್ಲ."

"ಮತ್ಯಾಕ?"

"ಜರ್ರಾ ಸಾಬ ಹೊಲಿಯೋ ಮುಂದ ಏನೋ ಅಂದ. ನಿನ್ನ ಅಕ್ಕಗ ಒಂದು ಬಾಜೂ ಹದಿನಾರು ವರ್ಷ ಮಾಡೀನಿ ಅಂತ. ನೀ ನಕ್ಕಿದಿ."

ಶಂಕ್ರೆಪ್ಪ ಒಲೆ ಊದುವುದನ್ನು ನಿಲ್ಲಿಸಿದ.

"ನನಗ ಎಚ್ಚರಿಲ್ಲ ಅಂದ್ಕೊಂಡಿದ್ರಿ ನೀವು. ಎಲ್ಲಾ ಕೇಳಸ್ತಿತ್ತು. ಜೀವ ಹೋಗ್ಲತ್ತಿತ್ತು ನನ್ನದು. ನೀ ನಕ್ಕಿದಿ."

"ಅಕ್ಕಾ, ನಾ ನಿನ್ನ ತಲಿ ಹಿಡದಿದ್ದೆ. ನನ್ನ ಕೈ ತುಂಬ ನಿನ್ನ ರಕ್ತ. ಅವ ನಗು ಅಂತ ಹೇಳಿದ, ನಾ ನಕ್ಕೆ. ಅಳು ಅಂದಿದ್ರ ಅಳ್ತಿದ್ದೆ. ಅಂಜಿಕಿ ಬಂದಿತ್ತು ನನಗ. ಹೊರಗ ಹೋಗಿ ವಾಂತಿ ಮಾಡ್ಕೊಂಡೀನಿ. ಅದು ನಿನಗ ಕೇಳಿಸ್ಲಿಲ್ಲೇನು?"

ಅದು ಕೇಳಿಸಿರಲಿಲ್ಲ. ಸುಂದರಬಾಯಿ ಗೋಡೆಯ ಕಡೆ ನೋಡಿದಳು. ಮೂರು ವರ್ಷ ಒಂದು ನಗುವನ್ನು ಹೊತ್ತು ತಿರುಗಿದ್ದಳು. ಈಗ ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಕ್ಷಮಿಸಿದೆ ಅನ್ನುವ ಮಾತು ಅವರ ಮನೆತನದಲ್ಲಿ ಯಾರೂ ಆಡಿದ್ದಿಲ್ಲ.

"ಗಂಜಿಗಿ ಉಪ್ಪು ಭಾಳ ಆಗ್ಯಾದ," ಎಂದಳು.

"ನಾಳಿಗಿ ಹಾಕಂಗಿಲ್ಲ," ಎಂದ ಅವನು.

ಒಂಬತ್ತನೆಯ ದಿನ ಹೊಲಿಗೆ ಬಿಚ್ಚಿದರು. ಆತ್ಮಾರಾಮ ಕನ್ನಡಿ ಹಿಡಿದ. ಹಾಲೆ ದವಡೆಯಿಂದ ಬಿಟ್ಟು, ತನ್ನಷ್ಟಕ್ಕೆ ತಾನು, ಸಣ್ಣದಾಗಿ, ಕೆಂಪಗೆ ತೂಗುತ್ತಿತ್ತು. ಬಲಗಿವಿಯದ್ದಕ್ಕಿಂತ ಗಿಡ್ಡ. ಕತ್ತು ಹೊರಳಿಸಿದಳು. ಎಳೆಯಲಿಲ್ಲ. ಇನ್ನೊಂದು ಸಲ ಹೊರಳಿಸಿದಳು. ಆಮೇಲೆ ಕನ್ನಡಿಯನ್ನು ಹತ್ತಿರ ಎಳೆದುಕೊಂಡು ನೋಡಿದಳು.

"ತೂತು ಎಲ್ಲಿ?"

"ಸೀಳು ಕೂಡಿಸಿ ಹೊಲಿದಾರಲ್ರಿ. ಈಗ ತೂತಿಲ್ಲ. ಹೊಸದು ಚುಚ್ಚಬೇಕು. ಒಂದು ವರ್ಷ ಆದ ಮ್ಯಾಲ."

"ವರ್ಷ?"

"ಅದಕ್ಕಿಂತ ಮೊದಲ ಚುಚ್ಚಿದ್ರ ಮತ್ತ ಹರೀತದ, ಮತ್ತ ಜಗ್ತದ. ಸಾಹೇಬ್ರು ಮೂರು ಸಲ ಹೇಳ್ಯಾರ ಹೇಳು ಅಂತ. ಎಣ್ಣಿ ಕಡ್ಡೀನೂ ಇಡಬ್ಯಾಡ್ರಿ."

ಕುಬಸಕ್ಕೆ ಇನ್ನು ಹನ್ನೆರಡು ದಿನ. ಸುಂದರಬಾಯಿ ಕನ್ನಡಿಯನ್ನು ಹಿಂದಕ್ಕೆ ಕೊಟ್ಟಳು. ವಿಕಾರಾಬಾದಿನಲ್ಲಿ ರೈಲು ಬದಲಿಸುವಾಗ ಶಂಕ್ರೆಪ್ಪ, "ಹೋಗ್ತಿ ಹೌದಿಲ್ಲ ಕುಬಸಕ್ಕ?" ಎಂದ. "ಹೋಗದಿದ್ರ ಯಾರು ಬಿಡ್ತಾರ?" ಎಂದಳು ಅವಳು.

ಮನೂರಿನಲ್ಲಿ ಕುಬಸದ ದಿನ ಪಡಸಾಲೆಯ ತುಂಬ ಹೆಂಗಸರು. ಬಾಲಮಣಿ ಮಣೆಯ ಮೇಲೆ ಹಸಿರು ಸೀರೆಯಲ್ಲಿ, ಬೆವರುತ್ತ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಅಕ್ಕಿ, ಉತ್ತತ್ತಿ, ಅರಿಷಿಣಕೊಂಬು, ಕೊಬ್ಬರಿ ಬಟ್ಟಲು, ಮೇಲೆ ಖಣ. ಎಲ್ಲವನ್ನೂ ಮೊರದಲ್ಲಿ ಜೋಡಿಸಿ ಸುಂದರಬಾಯಿ ಮುಂದೆ ಇಟ್ಟಳು. ಮಾಣಿಕಮ್ಮ ಹತ್ತಿರ ಬಂದು ಅವಳ ಸೆರಗನ್ನು ಬೆರಳ ತುದಿಯಿಂದ ಸರಿಸಿ ನೋಡಿದಳು.

"ಛಲೋ ಮಾಡ್ಯಾನ ಡಾಕ್ಟರ್. ಕಿವಿ ಕಿವಿಯಂಗ ಆಗ್ಯಾದ. ಮತ್ತ... ಓಲಿ?"

"ವರ್ಷ ತನಕ ಬ್ಯಾಡ ಅಂದಾನ್ರಿ."

"ವರ್ಷ!" ಮಾಣಿಕಮ್ಮ ಗಲ್ಲಕ್ಕೆ ಕೈಯಿಟ್ಟಳು. ಪಡಸಾಲೆಯಲ್ಲಿ ಪಿಸುಮಾತು ಹರಿಯಿತು. ಮೂಲೆಯಿಂದ ಒಬ್ಬ ಮುದುಕಿ, "ತವರಿನವರೇ ಆದ್ರ ಆತು. ಹುಡುಗಿ ಸ್ವಾದರಮಾವನ ಹೇಣ್ತಿ ಬಂದಾಳಲ್ಲ, ಎರಡೂ ಕಿವಿ ತುಂಬ ಅದಾವ. ಅಕೀ ಕೈಲೇ ಮೊದಲು ಹಾಕಸ್ರಿ," ಎಂದಳು.

ಎಲ್ಲರೂ ಬಂಡಮ್ಮನ ಕಡೆ ತಿರುಗಿದರು. "ಅಯ್ಯ, ನನಗ್ಯಾಕವಾ, ಹಡದ ತಾಯಿ ಇರೋ ಮುಂದ!" ಎಂದಳು ಬಂಡಮ್ಮ, ಅನ್ನುತ್ತಲೇ ಸೆರಗು ಸರಿಮಾಡಿಕೊಂಡು ಎದ್ದೂ ನಿಂತಳು. ಅವಳ ತಪ್ಪೇನೂ ಇಲ್ಲ. ಅಷ್ಟು ಮಂದಿ ನೋಡುವಾಗ ಯಾರಾದರೂ ಏಳುತ್ತಾರೆ.

ಸುಂದರಬಾಯಿ ಮೊರದ ಅಂಚು ಹಿಡಿದು ಕೂತಿದ್ದಳು. ಹೇಳಬೇಕಾದ ಮಾತು ಹತ್ತು ಇದ್ದವು. ಎರಡು ಸಲ ರೈಲು, ಕತ್ತಿ, ಸೂಜಿ, ಎಂಟು ದಿನದ ಗಂಜಿ. ಆದರೆ ತಾನು ಸೋತರೂ ಚಿಂತೆಯಿಲ್ಲ; ಉಡಿ ತುಂಬಿದರಾಯಿತು, ಹುಡುಗಿ ಚೆನ್ನಾಗಿದ್ದರಾಯಿತು. ಮೊರವನ್ನು ಬಂಡಮ್ಮನ ಕಡೆಗೆ ದೂಡಿದಳು.

ಬಂಡಮ್ಮ ಎರಡೂ ಕೈ ಬೊಗಸೆ ಮಾಡಿ ಅಕ್ಕಿ ತುಂಬಿಕೊಂಡಳು. ಬಾಲಮಣಿ ಸೆರಗು ಒಡ್ಡಲಿಲ್ಲ.

"ಉಡಿ ತೆರಿ, ಮಗಾ," ಎಂದಳು ಮಾಣಿಕಮ್ಮ.

ಬಾಲಮಣಿ ಸೆರಗಿನ ಎರಡೂ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ಅವ್ವ ಹಾಕ್ಲಿ."

"ಅದು ಹಂಗಲ್ಲವಾ..."

"ಅತ್ತಿ, ನನ್ನ ಕಾಲು ಜೋಮು ಹಿಡದಾವ. ಮುಂಜಾನಿಂದ ಕೂತೀನಿ. ಮೊದಲ ಎರಡು ಸಲ ನಮ್ಮವ್ವನ ಕಿವಿ ಏನು ಮಾಡಿತ್ತು? ಆವಾಗ ಉಡೀನೂ ತುಂಬಿರಲಿಲ್ಲ, ಕುಬಸಾನೂ ಆಗಿರಲಿಲ್ಲ. ಅವ್ವ ಹಾಕ್ತಾಳಂದ್ರ ತೆರೀತೀನಿ. ಇಲ್ಲಂದ್ರ ಎದ್ದು ಮಲಗ್ತೀನಿ."

ಬಂಡಮ್ಮ ಬೊಗಸೆಯ ಅಕ್ಕಿಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಳು. ಬೆರಳ ಸಂದಿಯಿಂದ ಕಾಳು ಉದುರುತ್ತಿದ್ದವು. ಮಾಣಿಕಮ್ಮ ಸೊಸೆಯ ಮುಖ ನೋಡಿದಳು, ಆ ಹೊಟ್ಟೆ ನೋಡಿದಳು, ಎದ್ದು ಹೋದರೆ ಮುಂದೇನು ಎಂದು ಲೆಕ್ಕ ಹಾಕಿದಳೋ ಏನೋ.

"ಹಾಕ್ರಿ ಬೀಗತಿ," ಎಂದಳು ಕಡೆಗೆ. "ಹುಡುಗಿ ಕಾಲು ಬಾತಾವ. ಲಗೂ ಹಾಕ್ರಿ."

ಸುಂದರಬಾಯಿ ಬಂಡಮ್ಮನ ಬೊಗಸೆಯ ಕೆಳಗೆ ತನ್ನ ಬೊಗಸೆ ಒಡ್ಡಿ ಆ ಅಕ್ಕಿಯನ್ನೇ ಇಸಿದುಕೊಂಡಳು. ಮಗಳು ಮುಷ್ಟಿ ಬಿಚ್ಚಿದಳು. ಐದು ಸಲ ತುಂಬಿದಳು. ಮೂರನೆಯ ಸಲಕ್ಕೆ ಒಂದು ಉತ್ತತ್ತಿ ಉರುಳಿ ಯಾರದೋ ಕಾಲಡಿಗೆ ಹೋಯಿತು. ಯಾರೂ ಅದನ್ನು ಶಕುನ ಎನ್ನಲಿಲ್ಲ. ಮೂಲೆಯ ಮುದುಕಿಯೇ ಹಾಡು ಎತ್ತಿದಳು.

ಉಡಿ ತುಂಬಿ ಮುಗಿದ ಮೇಲೆ ಸುಂದರಬಾಯಿ ಗೋಡೆಗೆ ಒರಗಿದಳು. ಮಾಣಿಕಮ್ಮ ನೀರಿನ ತಂಬಿಗೆ ತಂದು ಪಕ್ಕದಲ್ಲಿ ಕೂತು, ಇನ್ನೊಂದು ಸಲ ಆ ಸಣ್ಣ ಕೆಂಪು ಹಾಲೆಯನ್ನು ನೋಡಿದಳು.

"ಬ್ಯಾನಿ ಅದ ಏನು ಇನ್ನಾ?"

"ಅದ," ಎಂದಳು ಸುಂದರಬಾಯಿ. ಇಷ್ಟು ದಿನ ಬೀಗರ ಮುಂದೆ ಇಲ್ಲ ಎನ್ನುತ್ತಿದ್ದಳು. ತಂಬಿಗೆಯನ್ನು ಪೂರ್ತಿ ಖಾಲಿ ಮಾಡಿ ಕೆಳಗಿಟ್ಟಳು. "ತುಸು ಅಡ್ಡಾಗ್ತೀನಿ ಬೀಗತಿ. ಊಟದ ಹೊತ್ತಿಗಿ ಎಬ್ಬಸ್ರಿ."

ಮಾಣಿಕಮ್ಮ ಎದ್ದು, ಬಾಲಮಣಿಯ ಬೆನ್ನಿನ ದಿಂಬು ತೆಗೆದುಕೊಂಡು ಬಂದು ಕೊಟ್ಟಳು. ಆರತಿಗೆ ಎದ್ದ ಹೆಂಗಸರ ಕಾಲುಗಳ ನಡುವೆಯೇ ಸುಂದರಬಾಯಿ ಬಲಮಗ್ಗುಲಾಗಿ ಮಲಗಿದಳು. ಹಾಡು ಇನ್ನೂ ಮುಗಿದಿರಲಿಲ್ಲ. ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.